ಕಾಣದ್ದನ್ನು ಬರೆದವರು

ಬೈಕುಲ್ಲಾ ಸ್ಟೇಶನ್ನಿನಿಂದ ನಾಗಪಾಡಾದ ಕಡೆಗೆ ನಡೆದು ಹೋಗುವವರಿಗೆ ಮೇಲುಸೇತುವೆಗಳ ನಡುವೆ ಸಿಕ್ಕಿಕೊಂಡಂತೆ ಒಂದು ಎತ್ತರದ ಕಂಬ ಕಾಣುತ್ತದೆ. ಅದರ ತುದಿಯಲ್ಲಿ ನಿಲುವಂಗಿ ತೊಟ್ಟ ಪಾರ್ಸಿ ಗೃಹಸ್ಥರೊಬ್ಬರು ನಿಂತಿದ್ದಾರೆ. ಊರಿನವರೆಲ್ಲ ಅದನ್ನು ‘ಖಡಾ ಪಾರ್ಸಿ’ ಎಂದೇ ಕರೆಯುತ್ತಾರೆ. ಸೇಠ್ ಕರ್ಸೆಟ್‌ಜಿ ಮಾನೆಕ್‌ಜಿ ಎಂಬವರ ನೆನಪಿಗಾಗಿ ಅವರ ಕಿರಿಯ ಮಗ 1860ರ ದಶಕದಲ್ಲಿ ವಿಲಾಯತಿಯಿಂದ ಮಾಡಿಸಿ ತರಿಸಿದ್ದು. ಶಿಲ್ಪಿ ಜಾನ್ ಬೆಲ್. ಎರಕ ಹೊಯ್ದದ್ದು ಇಂಗ್ಲೆಂಡಿನ ಕೋಲ್‌ಬ್ರುಕ್‌ಡೇಲ್ ಕಾರ್ಖಾನೆಯಲ್ಲಿ. ಆದರೆ ಬಾಲ್ಯದಲ್ಲಿ ನಾನು ನೋಡುತ್ತಿದ್ದುದು ಮೇಲಿನ ಸೇಠರನ್ನಲ್ಲ. ಕಂಬದ ಬುಡದಲ್ಲಿ ದೀಪ ಹಿಡಿದಿರುವ ಮತ್ಸ್ಯಕನ್ಯೆಯರನ್ನು. ಸೊಂಟದ ತನಕ ಹೆಂಗಸು, ಅಲ್ಲಿಂದ ಕೆಳಗೆ ಮೀನು. ನಮ್ಮ ತಂದೆಯವರು ಬೈಕುಲ್ಲಾದ ಒಂದು ಹೋಟೆಲಿನ ಗಲ್ಲಾದ ಮೇಲೆ ಕೂರುತ್ತಿದ್ದರು. ಅವರ ಕೈಹಿಡಿದು ಆ ದಾರಿಯಲ್ಲಿ ಹೋಗುವಾಗಲೆಲ್ಲ ನಾನು ಕಾಲೆಳೆದು ನಿಲ್ಲುತ್ತಿದ್ದೆ.

“ಅಪ್ಪಯ್ಯಾ, ಇಂಥವರು ಎಲ್ಲಿರುತ್ತಾರೆ?” ಎಂದು ಒಮ್ಮೆ ಕೇಳಿದೆ.

“ಸಮುದ್ರದಲ್ಲಿ ಇದ್ದಾರೋ ಏನೋ. ಮಾಡಿದವನು ನೋಡದೆ ಮಾಡಿರುತ್ತಾನೆಯೇ? ನಡಿ, ಹೊತ್ತಾಯಿತು” ಎಂದರು ತಂದೆ.

ಕಡಲ ಕರೆಯಲ್ಲಿ ಹುಟ್ಟಿ ಬೆಳೆದ ಮನುಷ್ಯನ ಬಾಯಿಂದ ಈ ಮಾತು ಬಂದುದರಿಂದ ನಾನು ಬಹುಕಾಲ ಅದನ್ನು ನಂಬಿದ್ದೆ. ನೋಡದೆ ಯಾರೂ ಬರೆಯಲಾರರು, ಬರೆದದ್ದೆಲ್ಲ ಎಲ್ಲೋ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಗೋಡೆಯ ಮೇಲಿನ ಕ್ಯಾಲೆಂಡರಿನ ಶಿವನೂ ಹಾಗೆಯೇ ಇದ್ದಾನೆ, ಸಿನಿಮಾದ ರಾಕ್ಷಸನೂ ಹಾಗೆಯೇ ಇದ್ದಾನೆ ಎಂಬ ಭಾವನೆ. ಅದು ಹಾಗಲ್ಲ, ಇವೆಲ್ಲವನ್ನೂ ಯಾರೋ ಒಬ್ಬ ಸಂಬಳದ ಮನುಷ್ಯ ಬಾಡಿಗೆಯ ಕೋಣೆಯಲ್ಲಿ ಕುಳಿತು, ತಾರೀಕಿಗೆ ಮುಂಚೆ ಮುಗಿಸಬೇಕೆಂಬ ಅವಸರದಲ್ಲಿ ಮೊದಲ ಸಲ ರೂಪಿಸಿದ್ದು ಎಂಬುದು ತಿಳಿದದ್ದು ತೀರ ತಡವಾಗಿ.

ಇದನ್ನೆಲ್ಲ ಈಗ ಬರೆಯಲು ಒಂದು ಕಾರಣವಿದೆ. ನನ್ನ ತಂಗಿಯ ಮೊಮ್ಮಗನೊಬ್ಬ ಇಲ್ಲಿಯೇ ಉಪನಗರದಲ್ಲಿ ಕೆಲಸಕ್ಕಿದ್ದಾನೆ. ಕಳೆದ ವರ್ಷ ಕುಟುಂಬದ ಒಂದು ಉಪನಯನದಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಾಗ ಹಿರಿಯರೊಬ್ಬರು ಅವನನ್ನು “ಏನು ಕೆಲಸ ಮಾಡುತ್ತಿ ಮಾರಾಯ?” ಎಂದು ಕೇಳಿದರು. “ಕಾನ್ಸೆಪ್ಟ್ ಆರ್ಟಿಸ್ಟ್” ಎಂದ. ಹಿರಿಯರಿಗೆ ಅರ್ಥವಾಗಲಿಲ್ಲ. “ಅಂದರೆ ಪೇಂಟರೋ?” ಎಂದರು. ಅವನು ನಕ್ಕು ಸುಮ್ಮನಾದ. ಅವನ ತಾಯಿಯ ಮುಖ ಮಾತ್ರ ಸಣ್ಣದಾಯಿತು. ಹೆಣ್ಣು ಕೇಳಲು ಹೋದಲ್ಲಿಯೂ ಇದೇ ಪ್ರಶ್ನೆ ಬರುತ್ತದಂತೆ. ಬ್ಯಾಂಕು ಎಂದರೆ ತಿಳಿಯುತ್ತದೆ, ಇಂಜಿನಿಯರು ಎಂದರೆ ತಿಳಿಯುತ್ತದೆ, ಇದನ್ನು ಏನೆಂದು ಹೇಳುವುದು?

ಆ ದಿನ ಸಂಜೆ ಹುಡುಗ ನನಗೆ ಬಿಡಿಸಿ ಹೇಳಿದ. “ಅಜ್ಜ, ಒಂದು ಸಿನಿಮಾದಲ್ಲಿ ಇನ್ನೂರು ವರ್ಷ ಮುಂದಿನ ಒಂದು ಪಟ್ಟಣ ಬರುತ್ತದೆ ಅಂತ ಇಟ್ಟುಕೊಳ್ಳಿ. ಕತೆಯಲ್ಲಿ ಎರಡೇ ಸಾಲು ಇರುತ್ತದೆ. ಸೆಟ್ಟು ಕಟ್ಟುವವನಿಗೆ, ಬಟ್ಟೆ ಹೊಲಿಯುವವನಿಗೆ, ಕಂಪ್ಯೂಟರಿನಲ್ಲಿ ಆಕಾರ ಕೊಡುವವನಿಗೆ ಎಲ್ಲರಿಗೂ ಅದು ಒಂದೇ ತರಹ ಕಾಣಬೇಕಲ್ಲ? ಅದಕ್ಕೆ ಮೊದಲು ನಾವು ಬರೆದು ತೋರಿಸುತ್ತೇವೆ. ಮೊದಲು ಹೆಬ್ಬೆರಳಷ್ಟು ಸಣ್ಣ ಸಣ್ಣ ಚಿತ್ರ ಐವತ್ತು. ಅದರಲ್ಲಿ ಒಂದನ್ನು ಆರಿಸಿ ಬಣ್ಣ ಹಾಕುತ್ತೇವೆ. ರಾಕ್ಷಸನಾದರೆ ಮುಂಬದಿಯಿಂದ, ಪಕ್ಕದಿಂದ, ಬೆನ್ನ ಕಡೆಯಿಂದ, ಮೂರು ತರಹವೂ ಬರೆಯಬೇಕು. ನಮ್ಮ ಚಿತ್ರ ಜನ ನೋಡುವುದಿಲ್ಲ. ಅದನ್ನು ನೋಡಿ ಮಾಡಿದ್ದನ್ನು ಜನ ನೋಡುತ್ತಾರೆ.”

ಇದಕ್ಕೆ ಕನ್ನಡದಲ್ಲಿ ‘ಕಲ್ಪನಾಚಿತ್ರಕಾರ’ ಎನ್ನಬಹುದೇನೋ. ಅಮೇರಿಕೆಯಲ್ಲಿ ಈ ಕಸುಬಿಗೆ ದೊಡ್ಡ ಹೆಸರು ತಂದುಕೊಟ್ಟವನು ರಾಲ್ಫ್ ಮ್ಯಾಕ್‌ಕ್ವಾರಿ ಎಂಬಾತ. ‘ಸ್ಟಾರ್ ವಾರ್ಸ್’ ಚಿತ್ರವನ್ನು ಇನ್ನೂ ಯಾರೂ ನಂಬದಿದ್ದಾಗ ನಿರ್ದೇಶಕ ಜಾರ್ಜ್ ಲೂಕಾಸ್ ಇವನಿಂದ ಕೆಲವು ವರ್ಣಚಿತ್ರಗಳನ್ನು ಬರೆಯಿಸಿದ. ಹಣ ಹಾಕುವ ಕಂಪನಿಯವರು ಅವನ್ನು ನೋಡಿದ ಮೇಲೆ ಧೈರ್ಯ ತಂದುಕೊಂಡರು. 1977ರಲ್ಲಿ ಚಿತ್ರ ಬಂತು. ಅದರ ಖಳನಾಯಕ ಡಾರ್ತ್ ವೇಡರನ ಮುಖವಾಡ, ಆ ಉಸಿರಾಟದ ಸದ್ದು ಇವೆಲ್ಲಕ್ಕೆ ಮೂಲ ಮ್ಯಾಕ್‌ಕ್ವಾರಿಯ ಒಂದು ಸಣ್ಣ ಸಂದೇಹ: ಈತ ಒಂದು ಹಡಗಿನಿಂದ ಇನ್ನೊಂದಕ್ಕೆ ಗಾಳಿಯಿಲ್ಲದ ಆಕಾಶದಲ್ಲಿ ದಾಟಬೇಕಲ್ಲ, ಉಸಿರಾಡುವುದು ಹೇಗೆ? ಹಾಗೆಂದು ಯೋಚಿಸಿ ಮುಖಕ್ಕೊಂದು ಉಸಿರಾಟದ ಉಪಕರಣ ಬರೆದ. ಅದೇ ಪ್ರಪಂಚದಾದ್ಯಂತ ಮಕ್ಕಳು ಗುರುತು ಹಿಡಿಯುವ ಮುಖವಾಯಿತು.

ಹುಡುಗನ ಮಾತು ಕೇಳುತ್ತಿದ್ದಂತೆ ನನಗೆ ಅನ್ನಿಸಿದ್ದು, ಹೆಸರು ಹೊಸದು, ಕಸುಬು ಹೊಸದಲ್ಲ ಎಂದು. ಈ ಮುಂಬಯಿ ಪಟ್ಟಣ ನೂರು ವರ್ಷಕ್ಕೂ ಮಿಕ್ಕಿ ಈ ಕೆಲಸವನ್ನು ಮಾಡಿಕೊಂಡು ಬಂದಿದೆ. ಅದನ್ನು ಮಾಡಿದವರಲ್ಲಿ ಬಹು ದೊಡ್ಡವನೊಬ್ಬ ನಮ್ಮ ಕಲಬುರ್ಗಿಯವನು.

ನಮ್ಮ ಕರಾವಳಿಯವರಿಗೆ ಈ ವಿದ್ಯೆ ಪಟ್ಟಣಕ್ಕೆ ಬಂದ ಮೇಲೆ ಗೊತ್ತಾದದ್ದೇನೂ ಅಲ್ಲ. ಯಕ್ಷಗಾನದ ಬಣ್ಣದ ವೇಷವನ್ನು ಚೌಕಿಯಲ್ಲಿ ಕುಳಿತು ನೋಡಿದವರಿಗೆ ಇದು ತಿಳಿದೀತು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡುತ್ತಾ ಹೋಗುತ್ತಾರೆ. ಗಂಟೆಗಟ್ಟಲೆ ಕುಳಿತಾದ ಮೇಲೆ ಕೊನೆಗೆ ಕನ್ನಡಿಯೊಳಗಿಂದ ರಾವಣನೋ ಮಹಿಷಾಸುರನೋ ಎದ್ದು ಬರುತ್ತಾನೆ. ರಾಕ್ಷಸನ ಮುಖ ಹೀಗೆಯೇ ಇರಬೇಕೆಂದು ಮೊದಲು ನಿರ್ಧರಿಸಿದವನ ಹೆಸರು ಯಾವ ತಾಳೆಗರಿಯಲ್ಲಿಯೂ ಇಲ್ಲ.

ಮುಂಬಯಿಯಲ್ಲಿ ಈ ಕಸುಬು ಬೆಳೆದ ಬಗೆ ಬೇರೆ. 1857ರಲ್ಲಿ ಸರ್ ಜೆ. ಜೆ. ಕಲಾಶಾಲೆ ಆರಂಭವಾಯಿತು. ಅಲ್ಲಿ ಹುಡುಗರಿಗೆ ಗ್ರೀಕ್ ವಿಗ್ರಹಗಳ ಪ್ಲಾಸ್ಟರ್ ಪ್ರತಿಗಳನ್ನು ಎದುರಿಗಿಟ್ಟು ನೆರಳು ಬೆಳಕನ್ನು ತಿದ್ದಿಸುತ್ತಿದ್ದರು. ಆ ಶಾಲೆಯ ಕೈಕೆಲಸವನ್ನು ಬೈಕುಲ್ಲಾದಲ್ಲಿಯೇ ನೋಡಬಹುದು. ರಾಣಿಬಾಗಿನ ಆವರಣದಲ್ಲಿ 1872ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ 1975ರಿಂದ ಡಾ. ಭಾವು ದಾಜಿ ಲಾಡ್ ಅವರ ಹೆಸರಿನಲ್ಲಿದೆ. ನಮ್ಮ ಕಾಲದಲ್ಲಿ ಭಾನುವಾರ ಪ್ರಾಣಿಗಳನ್ನು ನೋಡಿ ದಣಿದ ಮೇಲೆ ನೆರಳಿಗೆಂದು ಒಳಗೆ ಹೋಗುತ್ತಿದ್ದ ಕತ್ತಲೆ ಕಟ್ಟಡ ಅದು. 2008ರಲ್ಲಿ ದುರಸ್ತಿ ಮುಗಿದು ತೆರೆದ ಮೇಲೆ ಒಳಗಿನ ಹಸಿರು ಬಣ್ಣ, ಚಿನ್ನದ ರೇಕುಗಳು ಹೊಳೆಯುತ್ತವೆ. ಜೆ. ಜೆ. ಶಾಲೆಯವರು ಮಾಡಿದ ಹೊಳಪಿನ ಮಡಕೆಗಳು, ಜಾತಿ ಕಸುಬುಗಳನ್ನು ತೋರಿಸುವ ಮಣ್ಣಿನ ಪುಟ್ಟ ಗೊಂಬೆಗಳು ಅಲ್ಲಿವೆ. ಮಾಡಿದವರಲ್ಲಿ ಬಹುಮಂದಿಯ ಹೆಸರು ಚೀಟಿಯಲ್ಲಿ ಇಲ್ಲ.

ಪಾಶ್ಚಾತ್ಯ ನೆರಳು ಬೆಳಕಿನ ಅದೇ ವಿದ್ಯೆಯನ್ನು ದೇವರಿಗೆ ಹಚ್ಚಿ ಮನೆಮನೆಗೆ ಮುಟ್ಟಿಸಿದವರು ರಾಜಾ ರವಿವರ್ಮ. ಅವರು ಜೆ. ಜೆ.ಯ ವಿದ್ಯಾರ್ಥಿಯಲ್ಲ, ತಿರುವಾಂಕೂರಿನವರು. ಆದರೆ 1894ರಲ್ಲಿ ಅವರು ಅಚ್ಚುಕೂಟ ಸ್ಥಾಪಿಸಿದ್ದು ಈ ಮುಂಬಯಿಯಲ್ಲಿ. ಸ್ವಲ್ಪ ವರ್ಷಗಳ ಮೇಲೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು, ಅನಂತರ ಜರ್ಮನಿಯ ಶ್ಲೈಖರ್ ಎಂಬಾತನ ಕೈಸೇರಿತು. ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ: ಇವತ್ತು ಕಣ್ಣು ಮುಚ್ಚಿದರೆ ನಮಗೆ ಕಾಣುವ ಲಕ್ಷ್ಮಿ ಸರಸ್ವತಿಯರು ಬಹುಮಟ್ಟಿಗೆ ಆ ಅಚ್ಚುಕಲ್ಲಿನಿಂದ ಎದ್ದುಬಂದವರು. ಅದಕ್ಕೆ ಮೊದಲು ನಮ್ಮ ಹಳ್ಳಿಗಳಲ್ಲಿ ದೇವಿಯೆಂದರೆ ಗರ್ಭಗುಡಿಯ ಕಪ್ಪು ಶಿಲೆ, ಇಲ್ಲವೆ ಕಲಶ. ಮಳವಲಿಯ ಅಚ್ಚುಕೂಟ 1972ರಲ್ಲಿ ಬೆಂಕಿಗೆ ಆಹುತಿಯಾಯಿತು.

ಅದೇ ಅಚ್ಚುಕೂಟದಲ್ಲಿ ಕೆಲಕಾಲ ಕೆಲಸ ಮಾಡಿ ಹೊರಬಂದ ಒಬ್ಬರು, ಜೆ. ಜೆ.ಯಲ್ಲಿ ಓದಿದವರು, ಜಾದೂ ಬಲ್ಲವರು, ದಾದಾಸಾಹೇಬ ಫಾಲ್ಕೆ. 1913ರ ‘ರಾಜಾ ಹರಿಶ್ಚಂದ್ರ’ ಎಲ್ಲರಿಗೂ ಗೊತ್ತು. ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟದ್ದು 1917ರ ‘ಲಂಕಾದಹನ’ ಮತ್ತು 1919ರ ‘ಕಾಲಿಯಾ ಮರ್ದನ’. ಹನುಮಂತ ಹಾರಬೇಕು, ಮಡುವಿನೊಳಗೆ ಹಾವಿನ ಹೆಡೆಯ ಮೇಲೆ ಬಾಲಕೃಷ್ಣ ಕುಣಿಯಬೇಕು. ಪುರಾಣದಲ್ಲಿ ಒಂದು ಶ್ಲೋಕದಲ್ಲಿ ಮುಗಿಯುವ ಮಾತನ್ನು ಫಾಲ್ಕೆಯವರು ಹಲಗೆ, ಬಟ್ಟೆ, ಹಗ್ಗ, ಕ್ಯಾಮರಾಗಳಿಂದ ಕಟ್ಟಬೇಕಾಯಿತು.

ಮುಂದೆ ಈ ಜಾದೂ ಬೈಕುಲ್ಲಾಕ್ಕೆ ಇನ್ನೂ ಹತ್ತಿರ ಬಂತು. ಲೋಕಲ್ ಗಾಡಿಯಲ್ಲಿ ಚಿಂಚಪೋಕಳಿ, ಕರಿರೋಡ್ ದಾಟಿದರೆ ಪರೇಲ್. ಅಲ್ಲಿ ವಾಡಿಯಾ ಸಹೋದರರು 1933ರಲ್ಲಿ ತಮ್ಮ ವಂಶದ ಲೌಜಿ ಕ್ಯಾಸಲ್ ಬಂಗಲೆಯಲ್ಲಿಯೇ ವಾಡಿಯಾ ಮೂವಿಟೋನ್ ತೆರೆದರು. 1942ರಲ್ಲಿ ಆ ಜಾಗ ಶಾಂತಾರಾಮರ ರಾಜಕಮಲವಾಯಿತು. ಹೋಮಿ ವಾಡಿಯಾ ಬೇರೆಯಾಗಿ ಬಸಂತ್ ಪಿಕ್ಚರ್ಸ್ ಹೂಡಿದರು. 1952ರ ‘ಅಲ್ಲಾದ್ದೀನ್’, 1956ರ ‘ಹಾತಿಮ್‌ತಾಯಿ’ ಅವರವೇ. ವಿಮರ್ಶಕರು ಇವನ್ನು ಎರಡನೆ ದರ್ಜೆಯ ಚಿತ್ರಗಳೆಂದು ತಳ್ಳಿಹಾಕಿದರು. ಗಿರಣಿಯ ಪಾಳಿ ಮುಗಿಸಿ ಬಂದವರು, ಹೋಟೆಲಿನ ಹುಡುಗರು ಹಾಗೆ ತಳ್ಳಿಹಾಕಲಿಲ್ಲ. ಸ್ಟೇಶನ್ ಹತ್ತಿರದ ಪ್ಯಾಲೇಸ್ ಟಾಕೀಸಿನಲ್ಲಿ ನಾನು ನೋಡಿದ ಮೊದಲ ಜಾದೂ ಚಿತ್ರದಲ್ಲಿ ಕಂಬಳಿಯೊಂದು ಗಾಳಿಯಲ್ಲಿ ಹಾರಿದಾಗ ಪಕ್ಕದಲ್ಲಿದ್ದ ಮಾಣಿಯೊಬ್ಬ ಎದ್ದು ನಿಂತು ಕೈಮುಗಿದದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಆ ಚಿತ್ರಗಳ ಹಿಂದಿದ್ದ ಕೈ ಬಾಬುಭಾಯಿ ಮಿಸ್ತ್ರಿಯವರದು. 1918ರಲ್ಲಿ ಸೂರತಿನಲ್ಲಿ ಹುಟ್ಟಿದ ಇವರು ಇನ್ನೂ ಇಪ್ಪತ್ತು ತುಂಬುವ ಮೊದಲೇ ವಿಜಯ ಭಟ್ಟರ ‘ಖ್ವಾಬ್ ಕೀ ದುನಿಯಾ’ (1937) ಚಿತ್ರಕ್ಕೆ ಅದೃಶ್ಯ ಮನುಷ್ಯನನ್ನು ಮಾಡಿಕೊಟ್ಟರು. ವೆಲ್ಸ್ ಬರೆದ ಕಾದಂಬರಿಯಿಂದ ಹುಟ್ಟಿದ ಅಮೇರಿಕದ ಚಿತ್ರವನ್ನು ನೋಡಿ, ಅಂಥದನ್ನು ಇಲ್ಲಿಯೂ ಮಾಡಬೇಕೆಂದು ಹೊರಟದ್ದು. ಕಪ್ಪು ಪರದೆಯ ಮುಂದೆ ಕಪ್ಪು ದಾರದಿಂದ ಸಾಮಾನುಗಳನ್ನು ಆಡಿಸಿದರೆ ದಾರ ಕಾಣುವುದಿಲ್ಲ, ಸಾಮಾನು ತಾನಾಗಿ ಚಲಿಸಿದಂತೆ ಕಾಣುತ್ತದೆ. ಇಷ್ಟೇ ಗುಟ್ಟು. ಅಂದಿನಿಂದ ಅವರಿಗೆ ‘ಕಾಲಾ ಧಾಗಾ’ ಎಂದೇ ಅಡ್ಡಹೆಸರು ಬಿತ್ತು. ಒಂದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಅರ್ಧ ಮುಚ್ಚಿ, ಮತ್ತೆ ಮತ್ತೆ ಚಿತ್ರಿಸುವ ವಿದ್ಯೆಯಲ್ಲಿ ಅವರದು ಎತ್ತಿದ ಕೈ. 1961ರ ‘ಸಂಪೂರ್ಣ ರಾಮಾಯಣ’ವನ್ನೂ 1965ರ ‘ಮಹಾಭಾರತ’ವನ್ನೂ ಅವರೇ ನಿರ್ದೇಶಿಸಿದರು. 2010ರಲ್ಲಿ ತೀರಿಕೊಂಡರು. ಇಂಥ ಕೆಲಸದಲ್ಲಿ ಪ್ರತಿ ದೃಶ್ಯವನ್ನೂ ಮೊದಲು ಮನಸ್ಸಿನಲ್ಲಿ ಪೂರ್ತಿ ಕಂಡುಕೊಳ್ಳದೆ ಒಂದು ಅಡಿ ಫಿಲ್ಮನ್ನೂ ತಿರುಗಿಸುವಂತಿಲ್ಲ ಎಂಬುದನ್ನು ಗಮನಿಸಬೇಕು.

ಈಗ ಕಲಬುರ್ಗಿಯವರ ವಿಷಯಕ್ಕೆ ಬರುತ್ತೇನೆ.

ಸಾಂಬಾನಂದ ಮೋನಪ್ಪ ಪಂಡಿತ್ ಹುಟ್ಟಿದ್ದು 1916ರ ಮಾರ್ಚ್ 25ರಂದು, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲಬರ್ಗದಲ್ಲಿ. ನಮ್ಮ ವಾಚಕರಲ್ಲಿ ಆ ಕಡೆಯವರು ಕಲಬುರ್ಗಿಯ ಎಸ್. ಎಂ. ಪಂಡಿತ್ ರಂಗಮಂದಿರವನ್ನು ಬಲ್ಲರು. ಅಲ್ಲಿ ನಾಟಕ, ಸಭೆ, ಸನ್ಮಾನ ನಡೆಯುತ್ತಲೇ ಇರುತ್ತವೆ. ಆದರೆ ಆ ಪಂಡಿತ್ ಯಾರೆಂದು ಕೇಳಿದರೆ ಸಂಗೀತಗಾರರೋ ಸ್ವಾತಂತ್ರ್ಯ ಹೋರಾಟಗಾರರೋ ಎಂದು ಅಂದಾಜಿನ ಮೇಲೆ ಉತ್ತರ ಹೇಳಿದವರನ್ನು ನಾನು ಕಂಡಿದ್ದೇನೆ. ಅವರು ಚಿತ್ರಕಾರರು. ಮುಂಬಯಿಗೆ ಬಂದು ಮೊದಲು ಸೇರಿದ್ದು ದಂಡಾವತಿಮಠ ಎಂಬ ಕನ್ನಡಿಗರ ನೂತನ ಕಲಾ ಮಂದಿರವನ್ನು. ಈ ಶಾಲೆಯ ಉಪಕಾರವನ್ನು ಮುಂಬಯಿ ಕನ್ನಡಿಗರು ಮರೆತಂತಿದೆ. ಊರಿನಿಂದ ಒಂದು ಟ್ರಂಕು ಹೊತ್ತು ಬಂದ ಹುಡುಗನಿಗೆ ಜೆ. ಜೆ.ಯ ಬಾಗಿಲು ತಟ್ಟುವ ಮೊದಲು ಕೈ ಕುದುರಿಸಿಕೊಳ್ಳಲು ಒಂದು ಜಾಗ ಬೇಕಾಗಿತ್ತು, ಅದು ಇಲ್ಲಿ ಸಿಕ್ಕಿತು. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದ ಕೃಷ್ಣ ಹೆಬ್ಬಾರರೂ ಇಲ್ಲಿ ಕಲಿತವರೇ. ಇಬ್ಬರೂ ಮುಂದೆ ಜೆ. ಜೆ.ಗೆ ಹೋದರು.

ಅಲ್ಲಿಂದ ದಾರಿ ಎರಡಾಯಿತು. ಹೆಬ್ಬಾರರು ಗ್ಯಾಲರಿಯ ದಾರಿ ಹಿಡಿದರು. ಅವರ ರೇಖೆಯ ಲಾಲಿತ್ಯವನ್ನು ದೇಶವೇ ಕೊಂಡಾಡಿತು; 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. ಪಂಡಿತರು ಹಿಡಿದದ್ದು ಜಾಹೀರಾತಿನ ದಾರಿ. 1938ರಲ್ಲಿ ಧೋಬಿತಲಾವಿನಲ್ಲಿ ಅಮೇರಿಕದ ಎಂ. ಜಿ. ಎಂ. ಕಂಪನಿಯ ಮೆಟ್ರೋ ಟಾಕೀಸು ತೆರೆಯಿತು. ರತನ್ ಬಾತ್ರಾ ಅವರ ಕಲಾಸಂಸ್ಥೆಯಲ್ಲಿದ್ದ ಪಂಡಿತರು ಮೆಟ್ರೋದ ಚಿತ್ರಗಳಿಗಾಗಿ ಷೋಕಾರ್ಡುಗಳನ್ನು ಬರೆದರು. ಟಾಕೀಸಿನ ಒಳಾಂಗಣದಲ್ಲಿ ಇಡುವ ಆ ರಟ್ಟಿನ ಚಿತ್ರಗಳೇ ಟಿಕೇಟು ಕೊಳ್ಳಲೋ ಬೇಡವೋ ಎಂದು ಅನುಮಾನಿಸುವವನನ್ನು ಒಳಗೆ ಎಳೆಯುತ್ತಿದ್ದುವು. ಆಗಿನ ಚಿತ್ರಗಳು ಬಹುಪಾಲು ಕಪ್ಪು ಬಿಳುಪು. ನಾಯಕಿಯ ತುಟಿಗೆ ಎಷ್ಟು ಕೆಂಪು, ಕಾಡಿನ ರಾತ್ರಿಗೆ ಎಷ್ಟು ನೀಲಿ ಎಂಬುದನ್ನು ಮುಂಬಯಿಯಲ್ಲಿ ಕುಳಿತ ಚಿತ್ರಕಾರ ಊಹಿಸಬೇಕು. ಬಾಬುರಾವ್ ಪಟೇಲರ ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳಿಗೂ ಪಂಡಿತರು ಬರೆದರು. ಮುಂದೆ ಸ್ವಂತ ಸ್ಟುಡಿಯೋ ಮಾಡಿದರು.

ಈ ಸಿನಿಮಾ ಕೆಲಸದಲ್ಲಿ ಪಳಗಿದ ಕೈ ಪುರಾಣಕ್ಕೆ ತಿರುಗಿದಾಗ ಏನಾಯಿತು ಎಂಬುದೇ ಸ್ವಾರಸ್ಯ. ರವಿವರ್ಮರ ದೇವತೆಗಳು ನಾಟಕ ರಂಗದ ಮೇಲೆ ನಿಂತಂತೆ ನಿಲ್ಲುತ್ತಾರೆ. ಎಲ್ಲ ಕಡೆಯಿಂದ ಸಮನಾದ ಬೆಳಕು, ಮೃದುವಾದ ಮೈ. ಪಂಡಿತರ ದೇವರ ಮೇಲೆ ಬೀಳುವುದು ಸ್ಟುಡಿಯೋ ದೀಪದ ಬೆಳಕು. ಭುಜದ ಹಿಂದಿನಿಂದ ಒಂದು ಬೆಳ್ಳಿಯ ಅಂಚು, ಮುಖದ ಅರ್ಧ ನೆರಳಿನಲ್ಲಿ, ಹಿನ್ನೆಲೆಯಲ್ಲಿ ಮೋಡ ಒಡೆದ ಆಕಾಶ. ಅವರ ಶಿವನಿಗೆ ಗರಡಿಯಾಳಿನ ತೋಳಿದೆ. ಅವರ ವಿಶ್ವಾಮಿತ್ರನ ಎದುರು ನಿಂತ ಮೇನಕೆ ಇಂದ್ರಲೋಕದಿಂದ ಬಂದಳೋ ಹಾಲಿವುಡ್ಡಿನಿಂದ ಬಂದಳೋ ಎಂದು ಅನುಮಾನ ಬರುತ್ತದೆ. ಇದನ್ನು ಕೆಲವರು ಕುಂದೆಂದು ಹೇಳುತ್ತಾರೆ. ಭಕ್ತಿಯಿಲ್ಲದ ಬೆಡಗು ಎಂದು. ನನಗೆ ಹಾಗನ್ನಿಸುವುದಿಲ್ಲ. ಮೈಗೆ ಭಾರವಿಲ್ಲದ ದೇವರನ್ನು ನೋಡಿ ಕೈಮುಗಿಯಬಹುದು, ಆದರೆ ಅವನು ವಿಷ ಕುಡಿದನೆಂದರೆ ಗಂಟಲು ಉರಿದೀತೆಂದು ಅನ್ನಿಸುವುದಿಲ್ಲ. ಪಂಡಿತರ ಶಿವನ ಗಂಟಲಿನ ನರ ಕಾಣುತ್ತದೆ. ಎಂದೂ ಇಲ್ಲದಿದ್ದ ಮೈಯನ್ನು ಇದ್ದಂತೆ ಮಾಡುವುದು, ಅದರ ತೂಕ, ಅದರ ನೆರಳು ಎರಡನ್ನೂ ಲೆಕ್ಕ ಹಾಕಿ ಬರೆಯುವುದು, ಇವತ್ತು ನಮ್ಮ ಹುಡುಗ ರಾಕ್ಷಸನನ್ನು ಮೂರು ಕಡೆಯಿಂದ ಬರೆಯುವುದಕ್ಕಿಂತ ಇದು ಬೇರೆ ಕೆಲಸವಲ್ಲ.

ಈ ಚಿತ್ರಗಳು ನಮ್ಮ ಮನೆಗೆ ಬಂದ ದಾರಿ ಕ್ಯಾಲೆಂಡರು. ದೀಪಾವಳಿ ಮುಗಿಯುತ್ತಲೇ ಗಿರಣಿ, ಸಾಬೂನು, ಔಷಧಿ, ಬಿಸ್ಕೀಟು, ಬೀಡಿ ಕಂಪನಿಗಳು ಗಿರಾಕಿಗಳಿಗೆ ಹಂಚಲು ಕ್ಯಾಲೆಂಡರು ಅಚ್ಚು ಹಾಕಿಸುತ್ತಿದ್ದುವು. ಸಾಮಾನ್ಯವಾಗಿ ಚಿತ್ರಕಾರನಿಗೆ ಒಂದು ಸಲ ಹಣ ಕೊಟ್ಟರೆ ಮುಗಿಯಿತು. ಅನಂತರ ಅದು ಸಾವಿರ ಅಚ್ಚಾಗಲಿ ಲಕ್ಷ ಅಚ್ಚಾಗಲಿ ಅವನಿಗೆ ಸಂಬಂಧವಿಲ್ಲ. ಖೋಲಿಯಲ್ಲಿ ಎಂಟು ಮಂದಿ ಮಲಗುವ ಚಾಳುಗಳಲ್ಲಿ ದೇವರಮನೆ ಎಂಬುದು ಎಲ್ಲಿ ಬರಬೇಕು? ಒಂದು ಮೊಳೆ, ಒಂದು ಕ್ಯಾಲೆಂಡರು, ಅದರ ಮುಂದೆ ಒಂದು ಊದುಬತ್ತಿ. ಊರಿನ ದೇವಸ್ಥಾನವನ್ನು ಬಿಟ್ಟು ಬಂದವರಿಗೆ ಪಟ್ಟಣದಲ್ಲಿ ಸಿಕ್ಕಿದ ದೇವರು ಅದೇ. ವರ್ಷ ಮುಗಿದ ಮೇಲೆ ತಾರೀಕಿನ ಹಾಳೆ ಕಿತ್ತು ಚಿತ್ರ ಮಾತ್ರ ಉಳಿಸಿಕೊಳ್ಳುವವರೂ ಇದ್ದರು. ಉಳಿದದ್ದು ರದ್ದಿಗೆ.

ರದ್ದಿಗೆ ಹೋದದ್ದು ಕ್ಯಾಲೆಂಡರು ಮಾತ್ರವಲ್ಲ. ಟಾಕೀಸಿನ ಮೇಲೆ ಕಟ್ಟುತ್ತಿದ್ದ ಭಾರಿ ಕೈಬರಹದ ಫಲಕಗಳ ಗತಿ ಇನ್ನೂ ಕೆಟ್ಟದು. ಚಿತ್ರ ತೆಗೆದ ಕೂಡಲೆ ಆ ಬಟ್ಟೆಯ ಮೇಲೆಯೇ ಬಿಳಿ ಬಳಿದು ಮುಂದಿನ ವಾರದ ಚಿತ್ರ ಬರೆಯುತ್ತಿದ್ದರು. ಹರೆಯದಲ್ಲಿ ಎಂ. ಎಫ್. ಹುಸೇನರು ಹೊಟ್ಟೆಪಾಡಿಗೆ ಮಾಡಿದ್ದು ಇದೇ ಕೆಲಸ; ಅವರು ಆಗ ಬರೆದದ್ದು ಇವತ್ತು ಸಿಕ್ಕಿದ್ದರೆ ಯಾವ ಬೆಲೆಗೆ ಹೋಗುತ್ತಿತ್ತು! ಭಾರತದ ಮೊದಲ ಟಾಕಿ ‘ಆಲಂ ಆರಾ’ (1931) ಚಿತ್ರದ ಒಂದು ಪ್ರತಿಯೂ ಉಳಿದಿಲ್ಲವೆಂದ ಮೇಲೆ ಬಟ್ಟೆಯ ಮೇಲಿನ ಬಣ್ಣಕ್ಕಾಗಿ ಅಳುವವರು ಯಾರು? ಸಿನಿಮಾದ ಕಲಾನಿರ್ದೇಶಕರಲ್ಲಿ ಎಂ. ಆರ್. ಆಚರೇಕರರಂಥವರಿಗೆ ಹೆಸರು ಬಂತು. ‘ಆವಾರಾ’ (1951) ಚಿತ್ರದ ಕನಸಿನ ದೃಶ್ಯದಲ್ಲಿ ಮಂಜಿನೊಳಗಿಂದ ಮೇಲೇರುವ ಮೆಟ್ಟಿಲುಗಳನ್ನು ಕಂಡವರು ಮರೆಯಲಾರರು. ಆದರೆ ಅಂಥವರು ಬೆರಳೆಣಿಕೆಯಷ್ಟು. ಸತ್ಯಜಿತ್ ರಾಯರು 1967ರ ಸುಮಾರಿಗೆ ‘ದಿ ಏಲಿಯನ್’ ಎಂಬ ವೈಜ್ಞಾನಿಕ ಕಥಾಚಿತ್ರ ಮಾಡಬೇಕೆಂದು ಅನ್ಯಗ್ರಹದ ಜೀವಿಯ ರೇಖಾಚಿತ್ರವನ್ನು ತಾವೇ ಬರೆದಿಟ್ಟಿದ್ದರು. ಚಿತ್ರ ಆಗಲಿಲ್ಲ, ರೇಖೆ ಉಳಿಯಿತು. ಬರೆದವರು ರಾಯರಾದ ಕಾರಣ ಉಳಿಯಿತು ಎನ್ನಬೇಕು.

ಇನ್ನೊಬ್ಬ ಕನ್ನಡ ನಾಡಿನವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು, ಹನ್ನೆರಡರ ಪ್ರಾಯದಲ್ಲಿ ಮುಂಬಯಿಗೆ ಬಂದ ಅನಂತ ಪೈಯವರು 1967ರಲ್ಲಿ ಇಂಡಿಯಾ ಬುಕ್ ಹೌಸಿನ ಮೂಲಕ ‘ಅಮರ ಚಿತ್ರ ಕಥೆ’ ಆರಂಭಿಸಿದರು. ಅವರು ಸ್ವತಃ ಚಿತ್ರಕಾರರಲ್ಲ, ಚಿತ್ರಕಾರರಿಂದ ಬರೆಯಿಸಿದವರು. ಮೊದಲ ‘ಕೃಷ್ಣ’ವನ್ನು ಬರೆದವರು ರಾಮ ವಾಯೀರಕರ್. ಪುರಾಣದ ಒಂದೊಂದು ಪಾತ್ರಕ್ಕೂ ಕಿರೀಟ, ಒಡವೆ, ಮುಖಭಾವ ಗೊತ್ತುಮಾಡಿ ಚೌಕದೊಳಗೆ ಕೂರಿಸಿದ ಈ ಕೆಲಸ ಮುಂದಿನ ತಲೆಮಾರಿನ ಕಣ್ಣನ್ನು ತಿದ್ದಿತು. ಕ್ಯಾಲೆಂಡರು ನೋಡಿ ಬೆಳೆದವರು ನಾವು. ನಮ್ಮ ಮಕ್ಕಳು ಬೆಳೆದದ್ದು ಈ ಪುಸ್ತಕಗಳನ್ನು ನೋಡಿ. ದೂರದರ್ಶನದಲ್ಲಿ ರಾಮಾಯಣ, ಮಹಾಭಾರತಗಳು ಬಂದಾಗ ಅವು ಯಾರಿಗೂ ಹೊಸದಾಗಿ ಕಾಣಲಿಲ್ಲ. ಆ ಕಿರೀಟಗಳನ್ನು ಎಲ್ಲರೂ ಮೊದಲೇ ನೋಡಿಯಾಗಿತ್ತು.

ಪಂಡಿತರು ಕಡೆಗಾಲದಲ್ಲಿ ಹುಟ್ಟೂರಿಗೆ ಮರಳಿದರು. 1993ರ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ಮುಂಬಯಿಯಲ್ಲಿ ಅರ್ಧ ಆಯುಷ್ಯ ಕಳೆದ ಆ ಮನುಷ್ಯನನ್ನು ಕರೆಸಿ ಒಂದು ಶಾಲು ಹೊದಿಸುವ ಯೋಚನೆ ನನ್ನಂಥ ಎಷ್ಟು ಮಂದಿಗೆ ಬಂದಿತ್ತು? ನನಗಂತೂ ಬರಲಿಲ್ಲ. ಹೆಬ್ಬಾರರ ಪ್ರದರ್ಶನವೆಂದರೆ ಜಹಾಂಗೀರ್ ಗ್ಯಾಲರಿಗೆ ಹೋಗಿ ಅರ್ಥವಾದಂತೆ ತಲೆಯಾಡಿಸಿ ಬರುತ್ತಿದ್ದ ನನಗೆ, ಮನೆಯ ಗೋಡೆಯ ಮೇಲಿದ್ದ ಚಿತ್ರವನ್ನು 'ಕಲೆ' ಎಂದು ಕರೆಯಬಹುದೆಂದೇ ತೋಚಿರಲಿಲ್ಲ. ಅದು ದೇವರ ಪಟ, ಅಷ್ಟೆ.

ಹುಡುಗನ ಚಿಂತೆ ಈಗ ಬೇರೆ. ನಾಲ್ಕು ಮಾತು ಟೈಪು ಮಾಡಿದರೆ ಕಂಪ್ಯೂಟರು ತಾನೇ ಚಿತ್ರ ಬರೆದು ಕೊಡುತ್ತದೆ. ಮೊದಲಿನ ಐವತ್ತು ಸಣ್ಣ ಚಿತ್ರಗಳನ್ನು ಬರೆಯಲು ಇನ್ನು ಮನುಷ್ಯ ಬೇಕೇ ಎಂದು ಅವನ ಕಸುಬಿನವರೆಲ್ಲ ಕೇಳಿಕೊಳ್ಳುತ್ತಿದ್ದಾರಂತೆ. “ಅದು ಎಲ್ಲಿಂದ ಕಲಿಯಿತು?” ಎಂದು ಕೇಳಿದೆ. “ಹಿಂದಿನವರು ಬರೆದ ಕೋಟಿಗಟ್ಟಲೆ ಚಿತ್ರಗಳನ್ನು ನೋಡಿ ಕಲಿತದ್ದು ಅಜ್ಜ” ಎಂದ. “ಅವರ ಹೆಸರು?” ಎಂದೆ. ಅವನು ಸುಮ್ಮನಾದ. ಹಿಂದಿನವರ ಹೆಸರಿಗೆ ನಾವೇ ಲೆಕ್ಕ ಇಟ್ಟಿಲ್ಲದಿರುವಾಗ ಯಂತ್ರ ಇಟ್ಟೀತು ಎಂದು ನಿರೀಕ್ಷಿಸಿದ ನನ್ನ ಪ್ರಶ್ನೆಯೂ ಸರಿಯಲ್ಲವೇನೋ.

ಆಮೇಲೆ ಒಂದು ಭಾನುವಾರ ಅವನನ್ನು ಬೈಕುಲ್ಲಾಕ್ಕೆ ಕರೆದುಕೊಂಡು ಹೋದೆ. ಖಡಾ ಪಾರ್ಸಿಯನ್ನು ಈಚೆಗೆ ದುರಸ್ತಿ ಮಾಡಿದ್ದಾರೆ, ಬಣ್ಣ ಬಳಿದಿದ್ದಾರೆ. ವಾಹನಗಳ ಗದ್ದಲದ ನಡುವೆ ನಿಂತು ಅವನು ಪುಸ್ತಕ ತೆಗೆದು ಮತ್ಸ್ಯಕನ್ಯೆಯ ಬಾಲವನ್ನು ಬರೆದುಕೊಂಡ. “ಸೊಂಟಕ್ಕೆ ಬಾಲ ಕೂಡುವ ಜಾಗ ನೋಡಿ ಅಜ್ಜ. ಇದು ಬಹಳ ಕಷ್ಟ. ಈತ ಚೆನ್ನಾಗಿ ಯೋಚನೆ ಮಾಡಿದ್ದಾನೆ” ಎಂದ. ಅರವತ್ತೈದು ವರ್ಷ ನಾನು ಆ ಜಾಗವನ್ನು ನೋಡಿಯೇ ಇರಲಿಲ್ಲ.

ಮನೆಗೆ ಬಂದ ಮೇಲೆ ಅವನು ಕೇಳಿದ್ದು ನಮ್ಮ ಹಳೆಯ ಶಿವಪಾರ್ವತಿಯರ ಪಟವನ್ನು. ಬೈಕುಲ್ಲಾದ ಖೋಲಿ ಬಿಡುವಾಗ ತಂದೆಯವರು ಬೇರೆ ಸಾಮಾನುಗಳನ್ನು ಹಂಚಿ, ಅದೊಂದನ್ನು ಮಾತ್ರ ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಯಾವುದೋ ವರ್ಷದ ಕ್ಯಾಲೆಂಡರಿನ ಚಿತ್ರ. ತಾರೀಕಿನ ಭಾಗ ಕತ್ತರಿಸಿ ಗಾಜು ಹಾಕಿಸಿದ್ದು. ಐವತ್ತು ವರ್ಷದ ಊದುಬತ್ತಿಯ ಹೊಗೆಯಿಂದ ಗಾಜು ಕಂದಿತ್ತು. ಬಿಚ್ಚಿ ಒರೆಸೋಣವೆಂದ. ನನ್ನ ಹೆಂಡತಿ, ದೇವರ ಪಟ, ಜಾಗ್ರತೆ ಎಂದಳು. ಹಿಂದಿನ ಮೊಳೆಗಳನ್ನು ಕಿತ್ತು, ತುಂಡು ರಟ್ಟು ತೆಗೆದು, ಚಿತ್ರವನ್ನು ಮೆಲ್ಲನೆ ಎತ್ತಿದೆವು. ಕಟ್ಟು ಹಾಕಿದವನು ಅಳತೆ ಸರಿಹೋಗಲೆಂದು ಕೆಳಗಿನ ಅಂಚನ್ನು ಒಂದು ಬೆರಳಷ್ಟು ಹಿಂದಕ್ಕೆ ಮಡಚಿದ್ದ. ಹೊಗೆ ತಾಗದ ಆ ಪಟ್ಟಿಯಲ್ಲಿ ಹುಲಿಚರ್ಮದ ಬಣ್ಣ ಹೊಸದಾಗಿಯೇ ಇತ್ತು. ಅದರ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಸಣ್ಣಗೆ ಒಂದು ಸಹಿ ಇತ್ತು: ಎಸ್. ಎಂ. ಪಂಡಿತ್.

ಹೊಸ ಕಟ್ಟನ್ನು ಒಂದು ಬೆರಳು ದೊಡ್ಡದಾಗಿ ಮಾಡಿಸಲು ಕೊಟ್ಟಿದ್ದೇವೆ.